ಕಡೂರಿನ ಕೃಷಿ ಹೊಂಡದ ಬಿಳಿ ಮಣ್ಣು, ನೆಬ್ರಾಸ್ಕಾದ ಬೂದಿಯ ಖಡ್ಗಮೃಗಗಳು

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕು. ತೆಂಗಿನ ತೋಟದ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದೇವೆ. ಆರಡಿ ಆಳದಲ್ಲಿ ಬೂದಿಯಂಥ ಬಿಳಿ ಮಣ್ಣಿನ ಪದರ ಸಿಕ್ಕಿತು. ಅದರೊಳಗೆ ಬೆರಳಿನಂಥ, ಮೂಳೆಯಂಥ ತುಂಡುಗಳಿವೆ. ಅಮೆರಿಕದಲ್ಲಿ ಜ್ವಾಲಾಮುಖಿಯ ಬೂದಿಯೊಳಗೆ ಖಡ್ಗಮೃಗಗಳ ಇಡೀ ಹಿಂಡು ಸಿಕ್ಕಿದೆಯೆಂದು ಪಿಯುಸಿ ಓದುವ ಮಗಳು ಎಲ್ಲೋ ಓದಿದ್ದಾಳೆ. ಇದೂ ಅಂಥದ್ದೇ ಇರಬಹುದು ಎನ್ನುತ್ತಾಳೆ. ಚಂದ್ರದ್ರೋಣ ಪರ್ವತ ಲಾಳದ ಆಕಾರದಲ್ಲಿರುವುದು ಅದು ಹಳೆಯ ಜ್ವಾಲಾಮುಖಿಯ ಬಾಯಿ ಆದ್ದರಿಂದ ಎಂದು ಹೇಳುವವರೂ ನಮ್ಮ ಕಡೆ ಇದ್ದಾರೆ. ನಿಜವೇ? ಐದು ಚಿತ್ರಗಳನ್ನು ಕಳುಹಿಸಿದ್ದೇನೆ. ಹೊಂಡದ ಕೆಲಸ ನಿಲ್ಲಿಸಬೇಕೇ?

ಉತ್ತರ: ಕೆಲಸ ನಿಲ್ಲಿಸಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಹೊಂಡ ಮುಗಿಯಬೇಕೆಂಬ ನಿಮ್ಮ ಅವಸರ ಗೊತ್ತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೊದಲ ನಾಲ್ಕು ಚಿತ್ರಗಳಲ್ಲಿರುವುದು ಮೂಳೆಯಲ್ಲ, ಆ ಬಿಳಿ ಮಣ್ಣು ಬೂದಿಯೂ ಅಲ್ಲ. ಐದನೆಯ ಚಿತ್ರದ ಮಾತು ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆದರೆ ನಿಮ್ಮ ಮಗಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಅದನ್ನು ‘ಅಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ.

ನಿಮ್ಮ ಹೊಂಡದಲ್ಲಿ ಸಿಕ್ಕಿರುವುದು ಸುಣ್ಣದ ಹರಳು. ಕಡೂರು, ಅರಸೀಕೆರೆ ಕಡೆಯ ಒಣಭೂಮಿಯಲ್ಲಿ ಬಾವಿ ತೋಡಿದವರಿಗೆಲ್ಲ ಇದು ಪರಿಚಿತ. ಮಳೆಯ ನೀರು ಮೇಲ್ಮಣ್ಣಿನ ಸುಣ್ಣದ ಅಂಶವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಮೂಡಿಗೆರೆಯಲ್ಲಾದರೆ ಸುರಿಯುವ ಮಳೆ ಅದನ್ನು ಹಳ್ಳಕ್ಕೆ ಕೊಚ್ಚಿಕೊಂಡು ಹೋಗುತ್ತದೆ. ನಿಮ್ಮಲ್ಲಿ ಅಷ್ಟು ನೀರಿಲ್ಲ. ಅರ್ಧ ದಾರಿಯಲ್ಲೇ ನೀರು ಆರಿ, ಸುಣ್ಣ ಅಲ್ಲೇ ಕೂರುತ್ತದೆ. ಎಲ್ಲಿ ಕೂರುತ್ತದೆ ಎನ್ನುವುದು ಸ್ವಾರಸ್ಯದ ಸಂಗತಿ. ಗಿಡದ ಬೇರು ನೀರನ್ನು ಹೀರುವ ಜಾಗದಲ್ಲಿ, ಬೇರಿನ ಸುತ್ತಲೇ ಅದು ಹೆಪ್ಪುಗಟ್ಟುತ್ತದೆ. ಮುಂದೆ ಬೇರು ಕೊಳೆತು ಹೋಗಿ, ಸುಣ್ಣದ ಕೊಳವೆ ಉಳಿಯುತ್ತದೆ. ಬೆರಳಿನ ಗಾತ್ರ, ನಡುವೆ ತೂತು, ಅಲ್ಲಲ್ಲಿ ಗೆಣ್ಣು, ತುದಿಯಲ್ಲಿ ಕವಲು: ನೋಡಿದವರು ಮೂಳೆ ಎಂದುಕೊಂಡರೆ ತಪ್ಪೇನಿಲ್ಲ. ಹಾಸನದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಷ್ಟು ಕಾಲವೂ ಇಂಥ ತುಂಡುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದವರನ್ನು ಕಂಡಿದ್ದೇನೆ. ಅವರಲ್ಲಿ ಯಾರನ್ನೂ ಬರಿಗೈಯಲ್ಲಿ ಕಳುಹಿಸಿಲ್ಲ, ಏಕೆಂದರೆ ಬೇರಿನ ಅಚ್ಚು ಕೂಡ ಒಂದು ಕಾಲದ ಗುರುತೇ.

ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಿ. ಒಂದು ತುಂಡನ್ನು ಮುರಿದು, ಮುರಿದ ಮುಖದ ಮೇಲೆ ನಿಂಬೆಹಣ್ಣು ಹಿಂಡಿ. ಸುಣ್ಣದ ಹರಳಾದರೆ ಸಣ್ಣಗೆ ನೊರೆಯುಕ್ಕುತ್ತದೆ, ಕಿವಿಯ ಹತ್ತಿರ ಹಿಡಿದರೆ ಚುರುಚುರು ಸದ್ದೂ ಕೇಳಿಸುತ್ತದೆ. ಆಮೇಲೆ ಮುರಿದ ಮುಖವನ್ನು ಬಿಸಿಲಿನಲ್ಲಿ ಹಿಡಿದು ನೋಡಿ. ಮೂಳೆಯಾದರೆ ಹೊರಗೆ ಗಟ್ಟಿ ಗೋಡೆ ಇದ್ದು, ಕೀಲಿನ ಹತ್ತಿರದ ಒಳಭಾಗ ಹಳೆಯ ಬ್ರೆಡ್ಡಿನ ತುಂಡಿನಂತೆ ಸೂಕ್ಷ್ಮ ಗೂಡುಗಳಿಂದ ತುಂಬಿರುತ್ತದೆ. ಸುಣ್ಣದ ಹರಳಿನಲ್ಲಿ ಆ ಗೂಡುಗಳಿರುವುದಿಲ್ಲ. ಈರುಳ್ಳಿಯ ಪದರದಂತೆ ಸುತ್ತು ಸುತ್ತಾಗಿ ಬೆಳೆದಿರುತ್ತದೆ. ಬಿಳಿ ಮಣ್ಣನ್ನೂ ಒಂದು ಚಿಟಿಕೆ ತೆಗೆದುಕೊಂಡು ನೀರು ಹಾಕಿ ಹಿಸುಕಿ. ಅದು ಜಿಗುಟಾಗಿ ಉಂಡೆ ಕಟ್ಟುತ್ತದೆ ಎಂದು ನನಗೆ ಭರವಸೆಯಿದೆ. ಹೊಸ ಬೂದಿ ಹಾಗೆ ಉಂಡೆ ಕಟ್ಟುವುದಿಲ್ಲ, ಅದಕ್ಕೆ ಕಾರಣವಿದೆ.

ಜ್ವಾಲಾಮುಖಿಯ ಬೂದಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಒಲೆಯ ಬೂದಿ. ಹೆಸರು ಒಂದೇ ಆದರೂ ವಸ್ತು ಬೇರೆ. ಒಲೆಯ ಬೂದಿ ಸುಟ್ಟು ಉಳಿದದ್ದು, ಮೆತ್ತಗಿರುತ್ತದೆ. ಜ್ವಾಲಾಮುಖಿಯ ಬೂದಿಯಲ್ಲಿ ಏನೂ ಸುಟ್ಟಿರುವುದಿಲ್ಲ. ಭೂಮಿಯೊಳಗಿನ ಕರಗಿದ ಶಿಲೆಯಲ್ಲಿ ಅನಿಲ ಅಡಗಿರುತ್ತದೆ. ಒತ್ತಡ ಒಮ್ಮೆಲೇ ಕಳಚಿದಾಗ ಅನಿಲ ಗುಳ್ಳೆ ಗುಳ್ಳೆಯಾಗಿ ಉಕ್ಕಿ, ಇಡೀ ಶಿಲಾರಸವನ್ನು ನೊರೆ ಮಾಡಿ ಸಿಡಿಸುತ್ತದೆ. ಸಿಡಿದ ನೊರೆ ಗಾಳಿಯಲ್ಲಿ ಗಾಜಾಗಿ ಹೆಪ್ಪುಗಟ್ಟಿ ಪುಡಿಯಾಗುತ್ತದೆ. ಹಾಗಾಗಿ ಅದು ಗಾಜಿನ ಪುಡಿ. ಭೂತಗನ್ನಡಿಯಲ್ಲಿ ನೋಡಿದರೆ ಒಡೆದ ಬಳೆಯ ಚೂರುಗಳಂತೆ ಬಾಗಿದ, ಚೂಪಾದ ಅಂಚಿನ ಕಣಗಳು ಕಾಣುತ್ತವೆ. ಆ ಬಾಗು ಒಂದಾನೊಂದು ಕಾಲದ ಗುಳ್ಳೆಯ ಗೋಡೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ನೆಬ್ರಾಸ್ಕಾದಲ್ಲಿ ಏನಾಯಿತು ಎನ್ನುವುದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಿಮ್ಮ ಮಗಳು ಓದಿರುವ ಜಾಗದ ಹೆಸರು ಆ್ಯಶ್‌ಫಾಲ್. ಅಮೆರಿಕದ ನಡುಭಾಗದ ನೆಬ್ರಾಸ್ಕಾ ರಾಜ್ಯದ ಈಶಾನ್ಯದಲ್ಲಿ, ರಾಯಲ್ ಎಂಬ ಪುಟ್ಟ ಊರಿನ ಹತ್ತಿರವಿದೆ. ಸುತ್ತಲೂ ನಮ್ಮ ಕಡೂರಿನ ಬಯಲಿನಂಥದ್ದೇ ಮೆಕ್ಕೆಜೋಳ ಬೆಳೆಯುವ ಭೂಮಿ. 1971ರಲ್ಲಿ ಮೈಕಲ್ ವೂರ್‌ಹೀಸ್ ಎಂಬ ಪಳೆಯುಳಿಕೆ ತಜ್ಞರು ಪತ್ನಿಯೊಂದಿಗೆ ಅಲ್ಲಿ ಅಡ್ಡಾಡುತ್ತಿದ್ದಾಗ, ಹೊಲದಂಚಿನ ಕೊರಕಲಿನಲ್ಲಿ ಬೂದಿಯ ಪದರದಿಂದ ಹೊರಗೆ ಇಣುಕುತ್ತಿದ್ದ ಒಂದು ದವಡೆಯನ್ನು ಕಂಡರು. ಅದು ಮರಿ ಖಡ್ಗಮೃಗದ ತಲೆಬುರುಡೆ. ಬುರುಡೆ ಸಿಗುವುದು ದೊಡ್ಡ ಮಾತೇನಲ್ಲ. ಆ ಬುರುಡೆಗೆ ಕುತ್ತಿಗೆಯ ಮೂಳೆಗಳು, ಕುತ್ತಿಗೆಗೆ ಬೆನ್ನುಮೂಳೆ, ಹೀಗೆ ಇಡೀ ಪ್ರಾಣಿ ಅಂಟಿಕೊಂಡೇ ಒಳಗೆ ಮಲಗಿತ್ತು. 1977ರಿಂದ ಅಗೆಯತೊಡಗಿದಾಗ ಅದರ ಪಕ್ಕ ಇನ್ನೊಂದು, ಅದರಾಚೆ ಮತ್ತೊಂದು. ಈವರೆಗೆ ಇನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳು ಹೊರಬಂದಿವೆ. ಅವುಗಳಲ್ಲಿ ನೂರಕ್ಕೂ ಹೆಚ್ಚು ಖಡ್ಗಮೃಗಗಳು.

ಇದು ಈಗ ಕಾಜಿರಂಗದಲ್ಲಿರುವ ಖಡ್ಗಮೃಗವಲ್ಲ. ಟೆಲಿಯೊಸೆರಾಸ್ ಎಂಬ, ಸಂಪೂರ್ಣ ಅಳಿದುಹೋದ ಜಾತಿ. ಗಿಡ್ಡ ಕಾಲು, ಪೀಪಾಯಿಯಂಥ ಹೊಟ್ಟೆ, ಮೂಗಿನ ಮೇಲೆ ಒಂದು ಚಿಕ್ಕ ಕೊಂಬು. ದೂರದಿಂದ ನೋಡಿದರೆ ನೀರಾನೆ ಎನ್ನಬೇಕು. ಕಾಲ ಸುಮಾರು 1 ಕೋಟಿ 18 ಲಕ್ಷ ವರ್ಷಗಳ ಹಿಂದೆ. ಆಗ ಆ ಸೀಮೆ ಆಫ್ರಿಕಾದ ಹುಲ್ಲುಗಾವಲಿನಂತಿತ್ತು. ನಡುವೆ ಒಂದು ನೀರಿನ ಗುಂಡಿ; ನಮ್ಮೂರಿನ ದನದ ಕಟ್ಟೆಯಂಥದ್ದು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 1,600 ಕಿಲೋಮೀಟರ್ ದೂರದಲ್ಲಿ, ಇಂದಿನ ಐಡಾಹೊ ರಾಜ್ಯದ ನೈರುತ್ಯದಲ್ಲಿ ಒಂದು ಭಾರಿ ಜ್ವಾಲಾಮುಖಿ ಸ್ಫೋಟಿಸಿತು. ಅಷ್ಟು ದೂರ ಗಾಳಿಯಲ್ಲಿ ತೇಲಿ ಬಂದ ಬೂದಿ ನೆಬ್ರಾಸ್ಕಾದ ಮೇಲೆ ಹಿಮದಂತೆ ಸುರಿದು, ಸುಮಾರು ಒಂದಡಿ ದಪ್ಪ ಕೂತಿತು. ನೆಲಕ್ಕೆ ಬೀಳುವಾಗ ಅದು ಪೂರ್ತಿ ತಣ್ಣಗಾಗಿತ್ತು. ಯಾವ ಪ್ರಾಣಿಯೂ ಸುಟ್ಟು ಸಾಯಲಿಲ್ಲ, ಯಾವುದೂ ಜೀವಂತ ಹೂತುಹೋಗಲಿಲ್ಲ.

ಅವುಗಳನ್ನು ಕೊಂದದ್ದು ಉಸಿರು. ಜಲ್ಲಿ ಕ್ರಷರ್‌ಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ ವರ್ಷಗಟ್ಟಲೆ ದುಡಿದವರ ಎದೆ ಏನಾಗುತ್ತದೆಂದು ನಮಗೆ ಗೊತ್ತು. ಕಲ್ಲಿನ ಸಣ್ಣ ಧೂಳು ಪುಪ್ಪುಸದೊಳಗೆ ಇಳಿದು ಅದನ್ನು ಗಾಯ ಮಾಡುತ್ತ ಹೋಗುತ್ತದೆ. ಇಲ್ಲಿ ಧೂಳೆಂದರೆ ಗಾಜು, ಅದೂ ಒಂದಡಿ ದಪ್ಪ. ಹುಲ್ಲಿಗೆ ಬಾಯಿಟ್ಟರೂ ಬೂದಿ, ಮೂಗೆಳೆದರೂ ಬೂದಿ, ಪಕ್ಕದ ಪ್ರಾಣಿ ಕಾಲು ಕಿತ್ತಿಟ್ಟರೂ ಎದ್ದು ಮುಖಕ್ಕೆ ಬರುವುದು ಬೂದಿ. ಖಡ್ಗಮೃಗಗಳ ಕಾಲಿನ ಮೂಳೆಗಳ ಮೇಲೆ ಸ್ಪಂಜಿನಂಥ ಹೆಚ್ಚುವರಿ ಬೆಳವಣಿಗೆ ಕಂಡುಬಂದಿದೆ. ಪುಪ್ಪುಸ ಕೆಟ್ಟು, ದೇಹಕ್ಕೆ ಆಮ್ಲಜನಕ ಸಾಲದೆ ನರಳುವ ಪ್ರಾಣಿಗಳಲ್ಲಿ ಮೂಳೆ ಹೀಗೆ ಉಬ್ಬಿ ಬೆಳೆಯುವುದನ್ನು ಇಂದಿನ ಪಶುವೈದ್ಯರೂ ಬಲ್ಲರು. ಅಂಥ ಬೆಳವಣಿಗೆಗೆ ಕಾಲ ಹಿಡಿಯುತ್ತದೆ. ಅಂದರೆ ಆ ಪ್ರಾಣಿಗಳು ಬೂದಿ ಬಿದ್ದ ದಿನವೇ ಸಾಯಲಿಲ್ಲ, ವಾರಗಟ್ಟಲೆ ಸಂಕಟಪಟ್ಟವು.

ಆ ಸಾವಿನ ಸರದಿಯೂ ಪದರಗಳಲ್ಲಿ ದಾಖಲಾಗಿದೆ, ನನ್ನನ್ನು ಬಹುವಾಗಿ ಕಾಡುವ ಭಾಗ ಇದೇ. ತೀರ ತಳದಲ್ಲಿ ಆಮೆಗಳು, ಹಕ್ಕಿಗಳು. ಅದರ ಮೇಲೆ ಕಸ್ತೂರಿಮೃಗದಂಥ ಸಣ್ಣ ಪ್ರಾಣಿಗಳು. ಅದಕ್ಕೂ ಮೇಲೆ ಕುದುರೆಗಳು, ಒಂಟೆಗಳು. ಎಲ್ಲಕ್ಕಿಂತ ಮೇಲೆ ಖಡ್ಗಮೃಗಗಳು. ಪುಪ್ಪುಸ ಚಿಕ್ಕದಾದಷ್ಟೂ ಬೇಗ ತುಂಬಿತು. ದೊಡ್ಡ ದೇಹದವು ಕೊನೆಯವರೆಗೆ ಹೆಣಗಿದವು. ಜ್ವರ ಬಂದ ದನ ನೀರಿನ ಹತ್ತಿರ ಹೋಗಿ ಮಲಗುವುದನ್ನು ನೀವೂ ನೋಡಿರುತ್ತೀರಿ. ಹಾಗೆಯೇ ಇವೂ ಕಟ್ಟೆಗೆ ಬಂದವು, ಅಲ್ಲಿಂದ ಏಳಲಿಲ್ಲ. ತಾಯಿಯ ಪಕ್ಕದಲ್ಲೇ ಮರಿ ಮಲಗಿದೆ. ಕೆಲವು ಹೆಣ್ಣುಗಳ ಹೊಟ್ಟೆಯೊಳಗೆ ಇನ್ನೂ ಹುಟ್ಟದ ಮರಿಯ ಮೂಳೆಗಳಿವೆ. ಬಾಯಲ್ಲಿ, ಪಕ್ಕೆಲುಬುಗಳ ನಡುವೆ ಅವು ಮೇಯ್ದಿದ್ದ ಹುಲ್ಲಿನ ಬೀಜಗಳಿವೆ. ಕೆಲವು ಮೂಳೆಗಳ ಮೇಲೆ ಹಲ್ಲಿನ ಗುರುತೂ ಇದೆ. ಮೂಳೆ ಕಡಿಯುವ ನಾಯಿಜಾತಿಯ ಪ್ರಾಣಿಗಳು ಆ ಧೂಳಿನಲ್ಲೂ ಹೆಣ ಹುಡುಕಿಕೊಂಡು ಬಂದಿದ್ದವು.

ಸತ್ತ ಮೇಲೆ ನಡೆದದ್ದೇ ಅವುಗಳನ್ನು ಉಳಿಸಿದ್ದು. ಬಯಲಿನ ಮೇಲಿದ್ದ ಸಡಿಲ ಬೂದಿಯನ್ನು ಗಾಳಿ ದೂಡಿಕೊಂಡು ಬಂದು ತಗ್ಗಾದ ಆ ಕಟ್ಟೆಗೆ ತುಂಬಿತು, ಕೊನೆಗೆ ಆಳೆತ್ತರಕ್ಕೂ ಮೀರಿ. ನಿಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬುತ್ತಿದ್ದುದನ್ನು ನೆನಪಿಸಿಕೊಳ್ಳಿ. ನೆಲದೊಳಗಿನ ಗುಂಡಿಗೆ ರಾಗಿ ಸುರಿದು, ಬಾಯಿಗೆ ಹುಲ್ಲು ತುರುಕಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಗಾಳಿ ತೀರಿಹೋದ ಮೇಲೆ ಹುಳಕ್ಕೂ ಬದುಕಿಲ್ಲ, ಬೂಷ್ಟಿಗೂ ಬದುಕಿಲ್ಲ. ಬೂದಿ ತುಂಬಿದ ಕಟ್ಟೆ ಪ್ರಾಣಿಗಳಿಗೆ ಅಂಥದ್ದೊಂದು ಹಗೇವಾಯಿತು. ಮಾಂಸ ಕರಗಿಹೋಯಿತು, ನಿಜ. ಆದರೆ ಬೂದಿ ಮುಚ್ಚಿದ ಮೇಲೆ ಹದ್ದು, ನರಿ ಎಳೆದಾಡಲಿಲ್ಲ, ಹೊಳೆಯ ನೀರು ಚದುರಿಸಲಿಲ್ಲ, ಬಿಸಿಲು ಸೀಳಲಿಲ್ಲ. ಹುಡಿಬೂದಿ ಎಲ್ಲ ಕಡೆಯಿಂದ ಸಮನಾಗಿ ಆತುಕೊಂಡದ್ದರಿಂದ ಮೇಲಿನ ಮಣ್ಣಿನ ಭಾರಕ್ಕೆ ಮೂಳೆ ಚಪ್ಪಟೆಯಾಗಲೂ ಇಲ್ಲ. ಬೇರೆ ಕಡೆ ಸಿಗುವ ಪಳೆಯುಳಿಕೆಗಳಲ್ಲಿ ಒಂದು ದವಡೆ, ಅರ್ಧ ತೊಡೆಮೂಳೆ ಸಿಕ್ಕರೆ ನಾವು ಹಿಗ್ಗುತ್ತೇವೆ. ಇಲ್ಲಿ ನಾಲಗೆಯ ಬುಡದ ಎಳೆಯಂಥ ಮೂಳೆಗಳೂ ತಮ್ಮ ಜಾಗದಲ್ಲೇ ಇವೆ. ಆ ಬೂದಿ ಇಂದಿಗೂ ಕಲ್ಲಾಗಿಲ್ಲ. ಕುಂಚದಿಂದ ಗುಡಿಸಿ ತೆಗೆಯುತ್ತಾರೆ. ಅನೇಕ ಅಸ್ಥಿಪಂಜರಗಳನ್ನು ಕಿತ್ತು ಸಂಗ್ರಹಾಲಯಕ್ಕೆ ಒಯ್ಯದೆ, ಅವು ಮಲಗಿದಲ್ಲೇ ಬಿಟ್ಟು ಮೇಲೆ ದೊಡ್ಡ ಚಾವಣಿ ಕಟ್ಟಿದ್ದಾರೆ. 1991ರಿಂದ ಜನ ಹೋಗಿ ನೋಡಬಹುದು. ಇದು ಬಹಳ ಸರಿಯಾದ ನಿರ್ಧಾರ ಎಂದು ನಾನು ನಂಬಿದ್ದೇನೆ. ಯಾವುದು ಯಾವುದರ ಪಕ್ಕದಲ್ಲಿ, ಯಾವುದರ ಮೇಲೆ ಮಲಗಿತ್ತು ಎನ್ನುವುದು ಹೋದರೆ ಅರ್ಧ ಕತೆಯೇ ಹೋದಂತೆ.

ಕುದುರೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾಲ್ಕು ಬೆರಳಿನ ಪುಟ್ಟ ಪ್ರಾಣಿ ಮೂರು ಬೆರಳಿನದಾಗಿ, ಅದು ಒಂದೇ ಗೊರಸಿನ ಕುದುರೆಯಾಯಿತು ಎಂದು ಪಠ್ಯಪುಸ್ತಕದ ಚಿತ್ರ ಏಣಿಯ ಮೆಟ್ಟಿಲಿನಂತೆ ತೋರಿಸುತ್ತದೆ. ಆ್ಯಶ್‌ಫಾಲ್‌ನ ಒಂದೇ ಕಟ್ಟೆಯಲ್ಲಿ ಐದು ಜಾತಿಯ ಕುದುರೆಗಳು ಸಿಕ್ಕಿವೆ. ಕೆಲವಕ್ಕೆ ಮೂರು ಬೆರಳು, ಕೆಲವಕ್ಕೆ ಒಂದೇ. ಒಂದೇ ಕಾಲದಲ್ಲಿ, ಒಂದೇ ನೀರು ಕುಡಿದು ಸತ್ತವು ಅವು. ವಿಕಾಸವೆಂದರೆ ಏಣಿಯಲ್ಲ, ಕವಲೊಡೆದ ಆಲದ ಮರ ಎಂದು ತರಗತಿಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ನಾಟುತ್ತಿರಲಿಲ್ಲ. ಈ ಕಟ್ಟೆಯ ಕತೆ ಹೇಳಿದ ದಿನ ನಾಟಿತು.

ಬೂದಿಯಲ್ಲಿ ಉಳಿದದ್ದು ಮೂಳೆಯೊಂದೇ ಅಲ್ಲ. ತಾಂಜಾನಿಯಾದ ಲೇಟೊಲಿಯಲ್ಲಿ ಸುಮಾರು 36 ಲಕ್ಷ ವರ್ಷಗಳ ಹಿಂದೆ ತೆಳುವಾಗಿ ಬೂದಿ ಬಿದ್ದು, ಅದರ ಮೇಲೆ ಮಳೆಹನಿ ಉದುರಿ, ಒದ್ದೆ ಬೂದಿಯ ಮೇಲೆ ಆನೆ, ಮೊಲ, ಗಿನಿಕೋಳಿ ಓಡಾಡಿದವು. ಬೂದಿ ಸಿಮೆಂಟಿನಂತೆ ಗಟ್ಟಿಯಾಯಿತು. 1978ರಲ್ಲಿ ಪುರಾತತ್ವಜ್ಞೆ ಮೇರಿ ಲೀಕಿಯವರ ತಂಡಕ್ಕೆ ಅಲ್ಲೇ ಎರಡು ಕಾಲಲ್ಲಿ ನಡೆದ ನಮ್ಮ ಪೂರ್ವಜರ ಹೆಜ್ಜೆಗಳೂ ಸಿಕ್ಕವು. ಹೆಜ್ಜೆಯಷ್ಟೇ ಅಲ್ಲ, ಮಳೆಹನಿಯ ಗುಂಡಿಗಳೂ ಉಳಿದಿವೆ. ಲಾವಾರಸದಲ್ಲಾದರೆ ಸಾಮಾನ್ಯವಾಗಿ ಏನೂ ಉಳಿಯದು, ಎಲ್ಲ ಸುಟ್ಟುಹೋಗುತ್ತದೆ. ಆದರೂ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ಲೂ ಲೇಕ್ ಎಂಬಲ್ಲಿ 1935ರಲ್ಲಿ, ಲಾವಾದೊಳಗೆ ಖಡ್ಗಮೃಗದ ಆಕಾರದ ಒಂದು ಟೊಳ್ಳು ಸಿಕ್ಕಿದೆ. ನೀರಿಗಿಳಿದ ಲಾವಾ ದಿಂಬಿನಂತೆ ಉಂಡೆಗಟ್ಟುವಾಗ ನೀರಲ್ಲಿದ್ದ ಹೆಣವನ್ನು ಅಚ್ಚು ತೆಗೆದಿತ್ತು. ಅಂಥ ದಿಂಬಿನ ಲಾವಾ ನಮ್ಮ ಚಿತ್ರದುರ್ಗದ ಮರಡಿಹಳ್ಳಿಯಲ್ಲೂ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿದ್ದಾರೆ. ಅಲ್ಲಿ ಮಾತ್ರ ಯಾವ ಪ್ರಾಣಿಯ ಟೊಳ್ಳನ್ನೂ ಹುಡುಕುವಂತಿಲ್ಲ. ಏಕೆ ಎನ್ನುವುದೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ.

ಬೂದಿ ಬಿದ್ದ ಮಾತ್ರಕ್ಕೆ ಪ್ರಾಣಿ ಉಳಿಯುವುದಿಲ್ಲ. ಬೂದಿ ಬಿದ್ದ ಕಾಲಕ್ಕೆ ಅಲ್ಲಿ ಮೂಳೆಯಿರುವ ಪ್ರಾಣಿ ಇರಬೇಕು, ಸತ್ತ ಮೇಲೆ ಬೇಗ ಮುಚ್ಚಿಹೋಗಬೇಕು, ಮುಚ್ಚಿದ್ದು ಮತ್ತೆ ಕರಗದೆ, ಕಾಯದೆ, ಕೊಚ್ಚಿಹೋಗದೆ ಕೂರಬೇಕು. ಚಂದ್ರದ್ರೋಣ ಮೊದಲನೆಯದರಲ್ಲೇ ಸೋಲುತ್ತದೆ.

ಊರಿನವರ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಚಂದ್ರದ್ರೋಣ, ಅಂದರೆ ಬಾಬಾಬುಡನ್ ಬೆಟ್ಟಗಳ ಶಿಲೆಗಳಲ್ಲಿ ಲಾವಾ ಧಾರಾಳವಾಗಿದೆ. ಲಾವಾ ಆರಿ ಆದ ಅಲ್ಲಿನ ಹಳೆಯ ಬಸಾಲ್ಟ್ ಶಿಲೆಯನ್ನು ಒಡೆದರೆ, ಲಾವಾದ ಗುಳ್ಳೆಗಳಲ್ಲಿ ಮುಂದೆ ಬೇರೆ ಖನಿಜ ತುಂಬಿ ಆದ ಬಾದಾಮಿಯಂಥ ಬಿಳಿ ಕಣ್ಣುಗಳು ಕಾಣುತ್ತವೆ. ಆದರೆ ಲಾಳದ ಆಕಾರಕ್ಕೂ ಜ್ವಾಲಾಮುಖಿಯ ಬಾಯಿಗೂ ಸಂಬಂಧವಿಲ್ಲ. ಒಂದರ ಮೇಲೊಂದು ಹಾಸಿದ್ದ ಶಿಲಾಪದರಗಳು ಭೂಮಿಯ ಒತ್ತಡಕ್ಕೆ ಕಂಬಳಿಯಂತೆ ಮಡಚಿಕೊಂಡವು. ಆಮೇಲೆ ಮಳೆ, ಗಾಳಿ ಮೆತ್ತನೆಯದನ್ನು ಸವೆಸಿದವು, ಪಟ್ಟೆ ಪಟ್ಟೆಯಾದ ಕಬ್ಬಿಣಶಿಲೆ ಸವೆಯದೆ ಏಣಾಗಿ ನಿಂತಿತು. ಮುಳ್ಳಯ್ಯನಗಿರಿ ನಿಂತಿರುವುದು, ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ಆ ಕಬ್ಬಿಣಶಿಲೆಯ ದೆಸೆಯಿಂದ. ನಡುವೆ ಜಾಗರ ಕಣಿವೆ ಬಟ್ಟಲಿನಂತೆ ಕಾಣುವುದರಿಂದ ಬಾಯಿ ಎಂಬ ಭ್ರಮೆ ಹುಟ್ಟುತ್ತದೆ.

ಇವೆಲ್ಲದರ ವಯಸ್ಸು ನೋಡಿ. ಆ ಕಬ್ಬಿಣಶಿಲೆಯ ತಳಪದರದ ಜಿರ್ಕಾನ್ ಹರಳುಗಳು ಕೊಟ್ಟ ವಯಸ್ಸು ಸುಮಾರು 272 ಕೋಟಿ ವರ್ಷ. ಜಿರ್ಕಾನ್ ಎಂದರೆ ಸಾಸಿವೆಗಿಂತಲೂ ಚಿಕ್ಕ ಹರಳು. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುವ ಲೆಕ್ಕದಿಂದ ವಯಸ್ಸು ಹೇಳುತ್ತಾರೆ. ಹಾಸನದ ಕಡೆ ಇನ್ನೂ ಹಳೆಯದಿದೆ. ಗೊರೂರಿನ ನೀಸ್ ಎಂಬ ಪಟ್ಟೆಕಲ್ಲು, ಹೊಳೆನರಸೀಪುರದ ಶಿಸ್ಟ್ ಎಂಬ ಪದರಕಲ್ಲಿನ ಪಟ್ಟಿಯ ಲಾವಾ ಎರಡೂ 300 ಕೋಟಿ ವರ್ಷಗಳಾಚೆಯವು. ಹೊಳೆನರಸೀಪುರದಲ್ಲಿ ಕೊಮಾಟಿಯೈಟ್ ಎಂಬ ಲಾವಾಶಿಲೆಯಿದೆ. ಅದು ಹರಿಯಬೇಕಾದರೆ ಬೇಕಿದ್ದಷ್ಟು ಕಾವು ಇಂದಿನ ಯಾವ ಜ್ವಾಲಾಮುಖಿಯಲ್ಲೂ ಇಲ್ಲ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಬೆಣ್ಣೆಯಂತೆ ಕೊರೆದ ಬಳಪದ ಕಲ್ಲು ಕೂಡ ಬೆಂಕಿಯಿಂದ ಹುಟ್ಟಿದ ಇಂಥ ಹಳೆಯ ಶಿಲೆಗಳೇ ರೂಪಾಂತರಗೊಂಡು ಆದದ್ದು. ಮದನಿಕೆಯ ಮುಂದೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆ ಕಾಲದಲ್ಲಿ ಬೂದಿಯೂ ಬಿದ್ದಿದೆ. ಆದರೆ ಅದನ್ನು ಉಸಿರಾಡಲು ಯಾವ ಪ್ರಾಣಿಯೂ ಇರಲಿಲ್ಲ. ಪ್ರಾಣಿಗಳು ಭೂಮಿಯ ಮೇಲೆ ಬಂದದ್ದೇ ಸುಮಾರು 60 ಕೋಟಿ ವರ್ಷಗಳ ಈಚೆಗೆ. ಮೂಳೆ ಅದಕ್ಕೂ ಈಚಿನದು. ಆಗ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಆಳವಿಲ್ಲದ ನೀರಿನಲ್ಲಿ ಅವು ಪದರ ಪದರವಾಗಿ ಕಟ್ಟಿದ ಸುಣ್ಣದ ಗುಡ್ಡೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಅಂಥವು ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ, ಶಿವಮೊಗ್ಗದ ಕುಂಸಿಯ ಹತ್ತಿರ ಸಿಕ್ಕಿವೆ. ಮುಂದೆ ಪ್ರಾಣಿಗಳು ಬಂದ ಕಾಲದಲ್ಲಿ ನಮ್ಮ ಜಿಲ್ಲೆಗಳ ನೆಲ ತಗ್ಗಾಗಿ ಮಣ್ಣು ತುಂಬಿಸಿಕೊಳ್ಳುವ ಬದಲು ಎತ್ತರದಲ್ಲಿ ನಿಂತು ಸವೆಯುತ್ತಲೇ ಬಂತು. ಮಲೆನಾಡಿನ ಮಳೆ, ಹುಳಿ ಮಣ್ಣು ಮೂಳೆಯನ್ನು ಕರಗಿಸಿಬಿಡುತ್ತವೆ. ಕಾಫಿ ತೋಟದಲ್ಲಿ ಹೂತ ದನದ ಮೂಳೆಗಳು ಎಷ್ಟು ಬೇಗ ಮೆತ್ತಗಾಗುತ್ತವೆ ಎಂದು ತೋಟದವರನ್ನು ಕೇಳಿ.

ನಿಜವಾದ ಬೂದಿಯನ್ನು ಕೈಯಲ್ಲಿ ಹಿಡಿಯಬೇಕೆಂಬ ಆಸೆ ನಿಮ್ಮ ಮಗಳಿಗಿದ್ದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಆಂಧ್ರದ ಕರ್ನೂಲು ಸೀಮೆಯಲ್ಲಿ ಜ್ವಾಲಾಪುರಂ ಎಂಬ ಹಳ್ಳಿಯಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸ್ಫೋಟಿಸಿದಾಗ ಹಾರಿದ ಬೂದಿ ಬಂಗಾಳ ಕೊಲ್ಲಿ ದಾಟಿ ಭಾರತದ ಮೇಲೆ ಬಿತ್ತು. ಜ್ವಾಲಾಪುರದ ಕಣಿವೆಯಲ್ಲಿ ಗುಡ್ಡಗಳಿಂದ ತೊಳೆದು ಬಂದು ತಗ್ಗಿನಲ್ಲಿ ಎರಡು ಮೀಟರಿಗೂ ದಪ್ಪವಾಗಿ ಕೂತಿದೆ. ಪಾತ್ರೆ ತೊಳೆಯುವ ಪುಡಿಗೆ ಬಳಸಲು ಜನ ಅದನ್ನು ಅಗೆದು ಮಾರಿದ್ದಾರೆ. ಗಾಜಿನ ಪುಡಿ ಉಜ್ಜಲು ಚೆನ್ನಾಗಿರುತ್ತದಲ್ಲ. ನಾನು ಅಲ್ಲಿ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡೆ. ರಾಗಿ ಹಿಟ್ಟಿನಷ್ಟು ನುಣುಪು ಎನ್ನಿಸಿತು. ಹಲ್ಲಿನ ನಡುವೆ ಇಟ್ಟಾಗ ಕರಕರ ಎಂದಿತು. ಬಿಸಿಲಿಗೆ ಹಿಡಿದು ಅಲುಗಿಸಿದರೆ ಅಲ್ಲಲ್ಲಿ ಮಿಣುಕುತ್ತಿತ್ತು. ನೀರು ಹಾಕಿ ಹಿಸುಕಿದರೆ ಉಂಡೆ ಕಟ್ಟಲಿಲ್ಲ, ಬೆರಳ ಸಂದಿನಲ್ಲಿ ಜಾರಿಹೋಯಿತು.

ಅಲ್ಲಿ ನೆಬ್ರಾಸ್ಕಾದಂತೆ ಸತ್ತ ಹಿಂಡು ಸಿಕ್ಕಿಲ್ಲ. ಸಿಕ್ಕಿರುವುದು ಮನುಷ್ಯರ ಕಲ್ಲಿನ ಆಯುಧಗಳು, ಬೂದಿಯ ಕೆಳಗೂ ಮೇಲೂ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞ ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ ಇದನ್ನು 2007ರಲ್ಲಿ ಪ್ರಕಟಿಸಿತು. ಕೆಳಗಿನ ಆಯುಧಕ್ಕೂ ಮೇಲಿನದಕ್ಕೂ ಹೆಚ್ಚು ವ್ಯತ್ಯಾಸವಿಲ್ಲದಿರುವುದರಿಂದ, ಅಂಥ ಬೂದಿಮಳೆಯನ್ನೂ ಅಲ್ಲಿನ ಜನ ದಾಟಿ ಬದುಕಿದರು ಎಂಬುದು ಅವರ ವಾದ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನಗೆ ಆ ವಾದದಲ್ಲಿ ಹುರುಳಿದೆ ಎನ್ನಿಸುತ್ತದೆ: ಸ್ಫೋಟದ ಸ್ಥಳದಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ ಗಾಳಿಯಿಂದ ನೇರವಾಗಿ ಬಿದ್ದ ಪದರ ತೆಳು, ದಪ್ಪವಾದದ್ದು ಆಮೇಲೆ ನೀರು ಹೊತ್ತು ತಂದದ್ದರಿಂದ.

ಇನ್ನು ಖಡ್ಗಮೃಗವೇ ಬೇಕೆಂದರೆ, ಅದು ಕರ್ನಾಟಕದಲ್ಲೂ ಸಿಕ್ಕಿದೆ. ರಾಬರ್ಟ್ ಬ್ರೂಸ್ ಫೂಟ್ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಕೆಲಸದ ಮೇಲೆ ಬೆಳಗಾವಿ ಜಿಲ್ಲೆಯಲ್ಲಿ ತಿರುಗುತ್ತಿದ್ದಾಗ, ಗೋಕಾಕ ಸೀಮೆಯ ಹಳ್ಳವೊಂದರ ಜಿಗುಟು ಮಣ್ಣಿನಲ್ಲಿ ಅಳಿದುಹೋದ ಖಡ್ಗಮೃಗದ ಮೂಳೆಗಳನ್ನು ಕಂಡು, 1874ರಲ್ಲಿ ಅದಕ್ಕೆ ದಖನ್ನಿನ ಹೆಸರಿಟ್ಟು ವರ್ಣಿಸಿದರು. ಅಲ್ಲಿ ಅದನ್ನು ಉಳಿಸಿದ್ದು ಬೂದಿಯಲ್ಲ, ಹೊಳೆ ಬದಿಯ ಜೇಡಿಮಣ್ಣು. ಹಾಗಾಗಿ ನಮ್ಮ ಕಡೆಯವರು ಹುಡುಕುವುದಾದರೆ ಬೆಟ್ಟದ ಮೇಲೆ ಲಾವಾ ಹುಡುಕಬಾರದು. ಹೇಮಾವತಿ, ವೇದಾವತಿಯಂಥ ಹೊಳೆಗಳು ಕಡಿದ ಹಳೆಯ ದಡಗಳಲ್ಲಿ, ಮರಳಿನ ಕೆಳಗಿನ ಗಟ್ಟಿ ಕಪ್ಪು ಜೇಡಿಯಲ್ಲಿ ಕಣ್ಣಾಡಿಸಬೇಕು. ಏನಾದರೂ ಕಂಡರೆ ಕೀಳಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ಹತ್ತಿರದಿಂದ ಒಂದು, ಇಡೀ ದಡ ಕಾಣುವಂತೆ ಒಂದು ಚಿತ್ರ ತೆಗೆಯಿರಿ, ಜಾಗ ಗುರುತು ಹಾಕಿಕೊಳ್ಳಿ. ಜಿಲ್ಲಾ ಕೇಂದ್ರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ, ಇಲ್ಲವೇ ಭೂವಿಜ್ಞಾನ ವಿಭಾಗವಿರುವ ಹತ್ತಿರದ ಕಾಲೇಜಿಗೆ ತಿಳಿಸಿ.

ಈಗ ಐದನೆಯ ಚಿತ್ರ. ಹೊಂಡದ ಅಂಚಿನಲ್ಲಿ, ಒಂದಡಿ ಆಳದಲ್ಲೇ ಸಿಕ್ಕಿತೆಂದು ಬರೆದಿದ್ದೀರಿ. ಅದು ಹಲ್ಲು. ದನದ ಮೇಲ್ದವಡೆಯದು. ಅಗಿಯುವ ಮುಖದ ಮೇಲೆ ಬಿದಿಗೆ ಚಂದ್ರನಂತೆ ಬಾಗಿದ ಗೆರೆಗಳು ಸ್ಪಷ್ಟವಾಗಿವೆ. ಹೊಲದಲ್ಲಿ ಹೂತ ಯಾವುದೋ ಎತ್ತಿನದಿರಬೇಕು, ಹಳೆಯದೇನಲ್ಲ. ಆದರೂ ಅದನ್ನು ಎಸೆಯಬೇಡಿ. ಹಲ್ಲಿನ ಎತ್ತರ ನೋಡಿ: ನಮ್ಮ ಹಲ್ಲಿನಂತೆ ಮೋಟಾಗಿಲ್ಲ, ಉದ್ದನೆಯ ಕಂಬದಂತಿದೆ. ಭತ್ತದ ಗರಿ ಕೈ ಕೊಯ್ಯುವುದು ಏಕೆಂದು ನಿಮಗೆ ಗೊತ್ತು. ಹುಲ್ಲಿನ ಎಲೆಯೊಳಗೆ ಸಿಲಿಕಾದ ಸಣ್ಣ ಕಣಗಳಿರುತ್ತವೆ, ಜ್ವಾಲಾಮುಖಿಯ ಗಾಜಿನಲ್ಲಿ ಇರುವುದೂ ಹೆಚ್ಚಾಗಿ ಸಿಲಿಕಾವೇ. ದಿನವೂ ಅದನ್ನು ಅಗಿದರೆ ಹಲ್ಲು ಸವೆಯುತ್ತದೆ, ಆದ್ದರಿಂದ ಹುಲ್ಲು ತಿನ್ನುವ ಪ್ರಾಣಿಗೆ ಸವೆಯಲಿಕ್ಕೆಂದೇ ಉದ್ದ ಹಲ್ಲು. ನೆಬ್ರಾಸ್ಕಾದ ಟೆಲಿಯೊಸೆರಾಸ್‌ಗೂ ಅಂಥದ್ದೇ ಎತ್ತರದ ಹಲ್ಲುಗಳಿದ್ದವು. ಹಲ್ಲನ್ನು ಬ್ರಶ್ಶಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ ಮಗಳ ಕೈಗೆ ಕೊಡಿ. ಸಿಕ್ಕ ದಿನ, ಆಳ, ಯಾವ ಮಣ್ಣು ಎಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಲು ಹೇಳಿ. ನಿಂಬೆಹಣ್ಣಿನ ಪರೀಕ್ಷೆಯಲ್ಲಿ ನೊರೆ ಬಾರದ ತುಂಡು ಯಾವುದಾದರೂ ಇದ್ದರೆ ಅದನ್ನು ಮಾತ್ರ ಹತ್ತಿಯಲ್ಲಿ ಸುತ್ತಿ ನನಗೆ ಕಳುಹಿಸಿ.